ಓಡಿಸಬ್ಯಾಡೋ ತಮ್ಮಾ

"ಓಡಿಸಬ್ಯಾಡೋ ತಮ್ಮಾ, ಅವರಿನ್ನಾ ಶ್ರುತಿ ಹಚ್ಚಾಕತ್ತಾರ."

ಅಪ್ಪ ಇದನ್ನು ಹೇಳುವ ಹೊತ್ತಿಗೆ ನಾನು ಮೊಬೈಲ್ ಪರದೆಯ ಬಲಗಡೆ ಎರಡು ಸಲ ತಟ್ಟಿ ಆಗಿತ್ತು. ಹತ್ತು ಸೆಕೆಂಡ್ ಮುಂದೆ. ಮತ್ತೆ ತಟ್ಟಿದೆ, ಇನ್ನೊಂದು ಹತ್ತು. ತಬಲಾದವರು ಸುತ್ತಿಗೆ ಹಿಡಿದು ಅಂಚಿನ ಹೆಣಿಗೆಯ ಮೇಲೆ ಮೆಲ್ಲಗೆ ಬಡಿಯುತ್ತಿದ್ದರು, ಬೆರಳಿನಿಂದ ಒಂದು ಸಲ ನುಡಿಸಿ ನೋಡುತ್ತಿದ್ದರು, ಮತ್ತೆ ಬಡಿಯುತ್ತಿದ್ದರು. ಹಾಡು ಶುರುವಾಗಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ನೋಡುವ ಭಾಗವೇ ಅಲ್ಲ. ಅಪ್ಪನ ಲೆಕ್ಕದಲ್ಲಿ ಸಂಗೀತ ಕಚೇರಿ ಆಗಲೇ ಶುರುವಾಗಿತ್ತು.

ಇದು ಮೂರು ವರ್ಷದ ಹಿಂದಿನ ಮಾತು. ನಾನು ಬೆಂಗಳೂರು ಬಿಟ್ಟು ರಾಯಚೂರಿಗೆ ವಾಪಸ್ ಬಂದ ಮೊದಲ ಬೇಸಿಗೆ. ನಮ್ಮೂರಿನ ಮೇ ತಿಂಗಳು ಗೊತ್ತಲ್ವಾ, ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ ಇರುತ್ತದೆ. ಒಳಗೆ ಮಲಗುವ ಮಾತೇ ಇಲ್ಲ. ಸಂಜೆ ಮಾಳಿಗೆ ಮೇಲೆ ನಾಲ್ಕು ಕೊಡ ನೀರು ಚೆಲ್ಲಿ, ಅದು ಆರಿದ ಮೇಲೆ ಚಾಪೆ ಹಾಸಿಕೊಳ್ಳುತ್ತೇವೆ. ಅವತ್ತು ನಿದ್ದೆ ಬರಲಿಲ್ಲ ಅಂತ ಸುಮ್ನೆ ಒಂದು ವಿಡಿಯೊ ಹಾಕಿದ್ದೆ. ಅಪ್ಪ ಆ ಕಡೆ ಹೊರಳಿ ಮಲಗಿದ್ದವರು ಎದ್ದು ಕೂತರು. ಅವತ್ತಿನಿಂದ ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ಕಚೇರಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ, ಮಳೆಗಾಲದಲ್ಲಿ ಪಡಸಾಲೆಯಲ್ಲಿ.

ಬೆಂಗಳೂರಿನಲ್ಲಿ ನಾನು ಸಂಗೀತ ಕೇಳುತ್ತಿರಲಿಲ್ಲ ಅಂತ ಅಲ್ಲ. ಜಾಸ್ತಿಯೇ ಕೇಳುತ್ತಿದ್ದೆ. ಬಸ್ಸಿನಲ್ಲಿ ಹೋಗುವಾಗ ಒಂದು ಗಂಟೆ, ಬರುವಾಗ ಒಂದೂವರೆ ಗಂಟೆ, ಕಿವಿಯಲ್ಲಿ ಇಯರ್‌ಫೋನ್. ಆದರೆ ಕೇಳುತ್ತಿದ್ದದ್ದೆಲ್ಲ ತುಂಡುಗಳು. ಭೀಮಸೇನ ಜೋಶಿಯವರ ಒಂದು ಗಂಟೆಯ ಗಾಯನದಲ್ಲಿ ಕೊನೆಯ ಐದು ನಿಮಿಷದ ತಾನ್, ಅಂದರೆ ಸ್ವರಗಳ ವೇಗದ ಓಟ. ಮಲ್ಲಿಕಾರ್ಜುನ ಮನ್ಸೂರರ ಒಂದು ವಚನ. ತಬಲಾ ಸೋಲೋದಲ್ಲಿ ಜನ ಚಪ್ಪಾಳೆ ಹೊಡೆಯುವ ಜಾಗ. ಯಾರೋ ಪುಣ್ಯಾತ್ಮರು ಇಂಥ ನಿಮಿಷಕ್ಕೆ ಇಂಥದ್ದು ಇದೆ ಅಂತ ಕೆಳಗೆ ಬರೆದಿರುತ್ತಿದ್ದರು, ನಾನು ಅಲ್ಲಿಗೇ ಹೋಗಿ ಕೇಳಿ ಮುಂದಿನದಕ್ಕೆ ಹೋಗುತ್ತಿದ್ದೆ. ತುಂಬಾ ಕೇಳಿದ್ದೇನೆ ಅನ್ನೋ ನಂಬಿಕೆ ಇತ್ತು.

ಆ ನಂಬಿಕೆ ಹೋಗಿದ್ದು ಎದುರು ಮನೆ ಕಾಕಾನಿಂದ. ಕಾಕಾ ಭಜನಾ ಮೇಳದಲ್ಲಿ ನಲವತ್ತು ವರ್ಷ ತಬಲಾ ನುಡಿಸಿದವರು, ಈಗ ಮಣಿಕಟ್ಟು ನೋಯುತ್ತದೆ ಅಂತ ಬಿಟ್ಟಿದ್ದಾರೆ. ನಮ್ಮ ಮಾಳಿಗೆಯಿಂದ ತಂಬೂರಿ ಕೇಳಿಸಿದ ಎರಡನೇ ಶನಿವಾರವೇ ಬಂದು ಕೂತರು. ಅವರು ಪರದೆ ನೋಡುವುದಕ್ಕಿಂತ ಬೆರಳು ಎಣಿಸುವುದೇ ಜಾಸ್ತಿ. ಒಂದು ದಿನ ನನ್ನ ಕೈ ಹಿಡಿದು ನನ್ನ ಬೆರಳ ಗೆಣ್ಣಿನ ಮೇಲೆಯೇ ಎಣಿಸಿ ತೋರಿಸಿದರು. ವಿಲಂಬಿತ ಏಕತಾಳ, ಅಂದರೆ ನಿಧಾನ ಗತಿಯ ಏಕತಾಳ. ಹನ್ನೆರಡು ಮಾತ್ರೆ, ಅಂದರೆ ಹನ್ನೆರಡು ಎಣಿಕೆ. ಬಡಾ ಖ್ಯಾಲ್ ಅನ್ನುವ ದೊಡ್ಡ ಗಾಯನವನ್ನು ನಿಧಾನವಾಗಿ ಹಾಡುವವರು ಒಂದೊಂದು ಮಾತ್ರೆಗೆ ನಾಲ್ಕು, ಐದು ಸೆಕೆಂಡ್ ತೆಗೆದುಕೊಳ್ಳುತ್ತಾರೆ. ಹಾಗಾದರೆ ಒಂದು ಸುತ್ತು ಬರಬೇಕಂದರೆ ಮುಕ್ಕಾಲು ನಿಮಿಷದಿಂದ ಒಂದು ನಿಮಿಷ. ಹಾಡುವವರು ಆ ಸುತ್ತಿನೊಳಗೆ ಎಲ್ಲೆಲ್ಲೋ ಹೋಗುತ್ತಾರೆ, ತಿರುಗುತ್ತಾರೆ, ಇನ್ನು ಮೂರು ಮಾತ್ರೆ ಇದೆ ಅನ್ನುವಾಗ ಆ ಹಾಡಿನ, ಅಂದರೆ ಬಂದಿಶ್‌ನ ಮೊದಲ ಮಾತು ಎತ್ತಿಕೊಂಡು ಸರಿಯಾಗಿ ಸಮ್‌ಗೆ (ಸುತ್ತಿನ ಮೊದಲ ಮಾತ್ರೆಗೆ) ಬಂದು ಇಳಿಯುತ್ತಾರೆ. ಆಗ ಕೇಳುವವರ ತಲೆ ತಾನಾಗಿಯೇ ಆಡುತ್ತದೆ.

"ಈಗ ನೀ ಹತ್ತು ಸೆಕೆಂಡ್ ಹಾರಿಸಿದಿ ಅಂದ್ರ ಎರಡು ಮಾತ್ರಿ ಹೋತು," ಅಂದರು ಕಾಕಾ. "ಸಮ್ ಎಲ್ಲಿ ಬರ್ತದ ನಿನಗ ಹೆಂಗ ಗೊತ್ತಾಗಬೇಕು? ಕಾದವಗ ಅಷ್ಟ ಅದು ಸಿಗತದ."

ಇಷ್ಟು ವರ್ಷ ನಾನು ಸಮ್ ಕೇಳಿದ್ದೆ, ಅದಕ್ಕಾಗಿ ಕಾದಿರಲಿಲ್ಲ. ಕಾಯದೇ ಇದ್ದರೆ ಅದು ತಬಲಾದ ಒಂದು 'ಧಿನ್' ಅಷ್ಟೇ. ಮನ್ಸೂರರ ಗಾಯನದಲ್ಲಂತೂ ಇದು ಇನ್ನೂ ಜಾಸ್ತಿ. ಅವರದು ಜೈಪುರ ಅತ್ರೌಲಿ ಘರಾಣೆ (ಗಾಯನ ಪರಂಪರೆ), ಉದ್ದ ಆಲಾಪ ಮುಗಿಸಿ ಆಮೇಲೆ ತಾಳಕ್ಕೆ ಬರುವ ಪದ್ಧತಿ ಅಲ್ಲ, ಬೇಗ ಬಂದಿಶ್ ಎತ್ತಿಕೊಂಡು ರಾಗವನ್ನೆಲ್ಲ ತಾಳದ ಒಳಗೇ ಹೆಣೆಯುತ್ತಾರೆ. ಅದರಲ್ಲಿ ನಡುವಿನ ಹತ್ತು ಸೆಕೆಂಡ್ ತೆಗೆದರೆ ಹೆಣಿಗೆಯ ಒಂದು ಎಳೆ ಹೋದ ಹಾಗೆ. ಮೊದಲ ಬಾರಿ ಓಡಿಸದೆ ಅವರನ್ನು ಪೂರ್ತಿ ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಿದ್ದು ತುಂಬಾ ತಡವಾಗಿ.

ತುಂಡು ಕೇಳುವುದು ನಮ್ಮ ಕಾಲದ ರೋಗ ಅಂತ ಬೈಯುವವರಿದ್ದಾರೆ. ಅದು ಅಷ್ಟು ಸರಿಯಲ್ಲ. ಗಾಯಕಿ ಗೌಹರ್ ಜಾನ್ 1902ರಲ್ಲಿ ಗ್ರಾಮಫೋನ್‌ಗೆ ಹಾಡಿದಾಗ ಸಿಕ್ಕಿದ್ದು ಮೂರು ನಿಮಿಷದ ಆಸುಪಾಸು, ಅಷ್ಟರಲ್ಲೇ ರಾಗ ಮುಗಿಸಿ ಕೊನೆಗೆ ತಮ್ಮ ಹೆಸರನ್ನೂ ಹೇಳಿ ನಿಲ್ಲಿಸಬೇಕಿತ್ತು. (ಅವರು ಕೊನೆಯ ದಿನಗಳನ್ನು ಕಳೆದಿದ್ದು ನಮ್ಮ ಮೈಸೂರಿನಲ್ಲಿ, 1930ರಲ್ಲಿ ತೀರಿಕೊಂಡಿದ್ದೂ ಅಲ್ಲೇ.) ಅಂಥದೇ ಮೂರು ನಿಮಿಷದ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ ಗದಗಿನ ಹುಡುಗನೊಬ್ಬ ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕುತ್ತಾ ಮನೆ ಬಿಟ್ಟ, ಊರೂರು ತಿರುಗಿ ಕೊನೆಗೆ ಕುಂದಗೋಳದಲ್ಲಿ ಅದೇ ಖಾನರ ಶಿಷ್ಯ ಸವಾಯಿ ಗಂಧರ್ವರ ಹತ್ತಿರ ಬಂದು ನಿಂತ. ಆ ಹುಡುಗನೇ ಭೀಮಸೇನ ಜೋಶಿ. ಅಂಗಡಿಯಲ್ಲಿ ಹಾಕಿದ್ದ ತಟ್ಟೆಯ ಹಾಡಿಗೆ ಅಷ್ಟು ಶಕ್ತಿ ಇತ್ತು. ಹಾಗಾಗಿ ಮನೆಯಲ್ಲಿ ಕೂತು ಕೇಳಿದರೆ ಅದು ಸಂಗೀತವೇ ಅಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಆದರೆ ಆ ಕಾಲದ ಹಾಡುಗಾರರಿಗೆ ಇದ್ದದ್ದೇ ಮೂರು ನಿಮಿಷ. ನನ್ನ ಕೈಯಲ್ಲಿ ಪೂರ್ತಿ ಎರಡೂವರೆ ಗಂಟೆ ಇತ್ತು, ನಾನೇ ಅದನ್ನು ಕತ್ತರಿಸಿ ಮೂರು ನಿಮಿಷ ಮಾಡಿಕೊಂಡಿದ್ದೆ.

ಅಪ್ಪನಿಗೆ ಇದು ಯಾಕೆ ಇಷ್ಟು ದೊಡ್ಡದು ಅಂತ ನನಗೆ ಆಮೇಲೆ ಗೊತ್ತಾಯಿತು. ಅಪ್ಪ ಗಂಜ್‌ನಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ರಾಯಚೂರಿನಲ್ಲಿ ಹತ್ತಿ ಬರುವುದು ದೀಪಾವಳಿ ದಾಟಿದ ಮೇಲೆ. ನವೆಂಬರ್, ಡಿಸೆಂಬರ್, ಜನವರಿ, ಗಾಡಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು, ತೂಕ, ಚೀಟಿ, ಪಟ್ಟಿ, ರಾತ್ರಿ ಹತ್ತಾದರೂ ಮನೆಗೆ ಬರುತ್ತಿರಲಿಲ್ಲ. ದೊಡ್ಡ ದೊಡ್ಡ ಸಂಗೀತ ಸಮ್ಮೇಳನಗಳು ನಡೆಯುವುದು ಸರಿಯಾಗಿ ಅದೇ ಚಳಿಗಾಲದಲ್ಲಿ. ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರಲ್ಲಿ ಭೀಮಸೇನ ಜೋಶಿಯವರು ಪುಣೆಯಲ್ಲಿ 1953ರಿಂದ ನಡೆಸಿಕೊಂಡು ಬಂದ ಮಹೋತ್ಸವ ಇದೆಯಲ್ಲ, ಅದು ಡಿಸೆಂಬರ್‌ನಲ್ಲಿ. ಮದುವೆಗೆ ಮೊದಲಿನಿಂದಲೂ ಅಪ್ಪ ಆ ಮಹೋತ್ಸವಕ್ಕೆ ಒಂದು ಸಲ ಹೋಗಬೇಕು ಅಂತಿದ್ದರಂತೆ. ಪ್ರತಿ ವರ್ಷ ಹತ್ತಿ ಬರುತ್ತಿತ್ತು. ನನ್ನ ಫೀಸು, ಅಕ್ಕನ ಮದುವೆ, ಈ ಮನೆ, ಎಲ್ಲವೂ ಆ ಹತ್ತಿಯಿಂದಲೇ ಆಗಿದ್ದು, ಆದ್ದರಿಂದ ಅವರು ಅದರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅಮ್ಮ ಹೇಳಿದ್ದು ನನಗೆ.

ಅವರಿಗೆ ಇದ್ದದ್ದು ರೇಡಿಯೊ. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, 1952ರಲ್ಲಿ ಶುರುವಾಗಿದ್ದು, ಶನಿವಾರ ರಾತ್ರಿ. ನಮ್ಮ ಮನೆಯ ಶನಿವಾರ ಅಲ್ಲಿಂದಲೇ ಬಂದಿದೆ. ಅದರಲ್ಲಿ ಓಡಿಸುವ ಮಾತೇ ಇರಲಿಲ್ಲ, ಹಿಂದೆ ಹೋಗುವ ಮಾತೂ ಇರಲಿಲ್ಲ. ಎದ್ದು ನೀರು ಕುಡಿದು ಬಂದರೆ ಅಷ್ಟು ಹೋಯಿತು. ಹಾಗಾಗಿ ಈಗಲೂ ಅಪ್ಪ ಶುರುವಾಗುವ ಮೊದಲು ತಂಬಿಗೆ ನೀರು ಪಕ್ಕದಲ್ಲಿ ಇಟ್ಟುಕೊಂಡೇ ಕೂರುತ್ತಾರೆ. ನಿಲ್ಲಿಸಬಹುದಪ್ಪಾ ಅಂತ ಎಷ್ಟೋ ಸಲ ಹೇಳಿದೆ. ಹಾಡೋರನ್ನ ನಿಂದರ್ಸಿ ನೀರು ಕುಡಿಯೋದು ಚಂದಲ್ಲ ಅಂತಾರೆ.

ಮೊದಲ ಕೆಲವು ವಾರ ಮೊಬೈಲ್‌ನ ಸ್ಪೀಕರಲ್ಲೇ ಕೇಳಿದೆವು. ಕಾಕಾ ಮುಖ ಕಿವುಚುತ್ತಿದ್ದರು. ಡಗ್ಗಾ (ತಬಲಾ ಜೋಡಿಯಲ್ಲಿ ದಪ್ಪ ದನಿಯದು) ನುಡಿಸುವ ಕೈ ಕಾಣುತ್ತದೆ, ಅಂಗೈ ಒತ್ತಿ ಜಾರಿಸುವುದು ಕಾಣುತ್ತದೆ, ದನಿ ಮಾತ್ರ ಬರುವುದಿಲ್ಲ. ಅದಕ್ಕೆ ಕಾರಣ ಇದೆ. ಗಂಡಸು ಗಾಯಕರಲ್ಲಿ ತುಂಬಾ ಜನ ಪೇಟಿಯ (ಹಾರ್ಮೋನಿಯಂನ) ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ ಹಾಡುತ್ತಾರೆ, ಆ ಷಡ್ಜ, ಅಂದರೆ 'ಸ', 139 ಹರ್ಟ್ಜ್ ಹತ್ತಿರ. ತಂಬೂರಿಯ ನಾಲ್ಕನೇ ತಂತಿ, ಖರಜ, ಅದರ ಅರ್ಧ, 70ರ ಆಸುಪಾಸು. ಉಗುರಗಲದ ಮೊಬೈಲ್ ಸ್ಪೀಕರ್‌ಗೆ ಅಷ್ಟು ಕೆಳಗಿನ ದನಿ ಹೊರಡಿಸಲು ಆಗುವುದೇ ಇಲ್ಲ, ಅಷ್ಟು ಗಾಳಿಯನ್ನು ಅದು ತಳ್ಳಲಾರದು. ಅಂದರೆ ತಂಬೂರಿಯ ನೆಲವೂ ಇಲ್ಲ, ಡಗ್ಗಾದ ಗುಂಕಾರವೂ ಇಲ್ಲ, ಮೇಲಿನದ್ದು ಅಷ್ಟೇ. ಅಟ್ಟದ ಮೇಲೆ ಅಪ್ಪನ ಹಳೇ ಟೇಪ್ ರೆಕಾರ್ಡರ್ ಜೊತೆಯ ಎರಡು ಮರದ ಸ್ಪೀಕರ್ ಡಬ್ಬ, ಒಂದು ಆಂಪ್ಲಿಫೈಯರ್ ಇದ್ದವು. ಧೂಳು ಒರೆಸಿ, ರಿಪೇರಿಯವನ ಹತ್ತಿರ ಎರಡು ಕಂಡೆನ್ಸರ್ ಹಾಕಿಸಿ, ಮೊಬೈಲ್‌ನಿಂದ ಒಂದು ವೈರ್ ಎಳೆದೆ. ಮೊದಲ 'ಧಾ' ಬಿದ್ದಾಗ ಚಾಪೆಯ ಕೆಳಗೆ ನೆಲ ಅದುರಿದ ಹಾಗಾಯಿತು. ಕಾಕಾ ಮಾತಾಡಲಿಲ್ಲ. ನೋಯುವ ಎಡಗೈಯನ್ನು ತೊಡೆಯ ಮೇಲೆ ಇಟ್ಟು, ಮಣಿಕಟ್ಟಿನಿಂದ ಒಂದು ಸಲ ಮುಂದಕ್ಕೆ ಜಾರಿಸಿದರು. ದುಬಾರಿ ಸಾಮಾನು ಬೇಕಿಲ್ಲ ಅಂತ ಹೇಳೋದಕ್ಕೆ ಇದನ್ನು ಬರೆದೆ. ಮನೆಯಲ್ಲಿ ಹಳೇ ಮರದ ಸ್ಪೀಕರ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ಬರೀ ಕೇಳುವುದಕ್ಕೂ ನೋಡುತ್ತಾ ಕೇಳುವುದಕ್ಕೂ ಏನು ವ್ಯತ್ಯಾಸ ಅಂತ ನನ್ನ ಹೆಂಡತಿ ಒಮ್ಮೆ ಕೇಳಿದಳು. ಅಪ್ಪ ಪರದೆಯ ಮೂಲೆಗೆ ಬೆರಳು ತೋರಿಸಿದರು.

"ಅವನ್ನ ನೋಡವಾ, ಹಿಂದ ಕುಂತಾನಲ್ಲ, ತಂಬೂರಿ ಹುಡುಗ."

ಹದಿನೆಂಟು, ಇಪ್ಪತ್ತು ವಯಸ್ಸಿನ ಹುಡುಗ. ಗುರುಗಳ ಎಡಭುಜದ ಹಿಂದೆ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ತಂಬೂರಿಗೆ ಕೆನ್ನೆ ತಾಗುವಷ್ಟು ಹತ್ತಿರ ಒರಗಿ, ನಡುಬೆರಳಿನಿಂದ ಮೊದಲ ತಂತಿ, ತೋರುಬೆರಳಿನಿಂದ ಉಳಿದ ಮೂರು, ಒಂದೇ ಸಮನೆ ಮೀಟುತ್ತಿದ್ದ. ಹಣೆಯಿಂದ ಬೆವರು ಇಳಿದು ಕಿವಿಯ ಹತ್ತಿರ ಬಂತು, ಅವನು ಒರೆಸಿಕೊಳ್ಳಲಿಲ್ಲ, ಕೈ ನಿಲ್ಲಿಸುವ ಹಾಗಿಲ್ಲವಲ್ಲ. ನಲವತ್ತು ನಿಮಿಷ ಅವನು ಬಾಯಿ ತೆರೆಯಲಿಲ್ಲ. ಆಮೇಲೆ ಗುರುಗಳಿಗೆ ಮೇಲಿನ ಷಡ್ಜದಲ್ಲಿ ಉಸಿರು ಕಮ್ಮಿ ಆಯಿತೋ, ಅಥವಾ ಸುಮ್ನೆ ಪ್ರೀತಿಗೋ, ತಲೆ ತಿರುಗಿಸಿ ಅವನ ಕಡೆ ನೋಡಿದರು, ಅಷ್ಟೇ. ಹುಡುಗ ಅದೇ ಷಡ್ಜ ಹಿಡಿದ. ಗುರುಗಳು ಸುಮ್ಮನಾಗಿ ಕೇಳಿದರು, ಒಂದು ಸುತ್ತು ಪೂರ್ತಿ ಅವನಿಗೇ ಬಿಟ್ಟರು. ಅವನು ಸಮ್‌ಗೆ ಬಂದಾಗ ತಬಲಾದವರು ನಕ್ಕರು. ಬರೀ ಧ್ವನಿ ಕೇಳಿದ್ದರೆ ಇನ್ನೊಂದು ದನಿ ಬಂತು, ಹೋಯಿತು ಅಂತ ಅನಿಸುತ್ತಿತ್ತು. ಆ ನಲವತ್ತು ನಿಮಿಷದ ಕೈ, ಆ ಬೆವರು, ಆ ಒಂದು ನೋಟ, ಇದ್ಯಾವುದೂ ಗೊತ್ತಾಗುತ್ತಿರಲಿಲ್ಲ. ಅವತ್ತಿನಿಂದ ಯಾವ ವಿಡಿಯೊ ಹಾಕಿದರೂ ನನ್ನ ಹೆಂಡತಿ ಮೊದಲು ತಂಬೂರಿಯವರನ್ನು ಹುಡುಕುತ್ತಾಳೆ.

ಅಪ್ಪನಿಗೆ ಇನ್ನೊಂದು ಕಾರಣವೂ ಇದೆ. ವಯಸ್ಸಾದ ಹಾಗೆ ಕಿವಿಯಲ್ಲಿ ಮೊದಲು ಹೋಗುವುದು ಮೇಲಿನ ಸಣ್ಣ ದನಿಗಳು. ತಂಬೂರಿಯ ಮಿನುಗು ಇರುವುದೇ ಅಲ್ಲಿ. ತಂತಿ ಹೊತ್ತು ನಿಲ್ಲುವ ಕುದುರೆ ಅನ್ನುವ ಪಟ್ಟಿಯ ಮೇಲೆ ತಂತಿಯ ಕೆಳಗೆ ಒಂದು ದಾರ ಸೇರಿಸಿ ಕೂರಿಸುತ್ತಾರಲ್ಲ, ಅದರಿಂದ ಬರುವ ಝೇಂಕಾರಕ್ಕೆ ಜವಾರಿ ಅನ್ನುತ್ತಾರೆ. ನಮ್ಮ ಕಡೆ ಜವಾರಿ ಅಂದರೆ ನಾಟಿ, ಜವಾರಿ ಬದನೆಕಾಯಿ, ಜವಾರಿ ಸೌತೆಕಾಯಿ, ಆದ್ದರಿಂದ ಈ ಪದ ಕೇಳಿದಾಗೆಲ್ಲ ನನಗೆ ತಂಬೂರಿ ನಮ್ಮ ಮನೆಯದೇ ಅನಿಸುತ್ತದೆ. ಅಪ್ಪನಿಗೆ ಆ ಜವಾರಿ ಈಗ ಅಷ್ಟು ಕೇಳಿಸುವುದಿಲ್ಲ. ಆದರೆ ಹುಡುಗನ ಬೆರಳು ಕಾಣುತ್ತದೆ. ಬೆರಳು ಕಂಡರೆ ಕೇಳಿಸಿದ ಹಾಗೇ ಆಗ್ತದ ಅಂತಾರೆ. ನಾನು ಅದನ್ನು ನಂಬುತ್ತೇನೆ.

ಹಳೇ ದೂರದರ್ಶನದ ವಿಡಿಯೊಗಳು ನಮಗೆ ಬಹಳ ಇಷ್ಟ. ಪ್ರಸಾರ ಭಾರತಿಯವರು ತಮ್ಮ ಸಂಗ್ರಹದಿಂದ ಎಷ್ಟೋ ಗಾಯನಗಳನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಿದ್ದಾರೆ, ಅದು ದೊಡ್ಡ ಉಪಕಾರ. ಬಣ್ಣ ಮಾಸಿದೆ, ಅಲ್ಲಲ್ಲಿ ಗೆರೆ ಓಡುತ್ತದೆ, ಆದರೆ ಕ್ಯಾಮೆರಾ ಅವಸರ ಮಾಡುವುದಿಲ್ಲ. ಒಂದು ಮುಖದ ಮೇಲೆ ನಿಂತರೆ ಎರಡು ನಿಮಿಷ ಅಲ್ಲೇ ಇರುತ್ತದೆ. ಈಗಿನ ಕೆಲವು ವಿಡಿಯೊಗಳಲ್ಲಿ ಚಿತ್ರ ಕನ್ನಡಿಯ ಹಾಗಿದೆ, ದನಿ ಎದುರಿಗೆ ಕೂತಷ್ಟು ಚೊಕ್ಕ, ಆದರೆ ನಾಲ್ಕು ಸೆಕೆಂಡಿಗೆ ಒಮ್ಮೆ ಕ್ಯಾಮೆರಾ ಬದಲಾಗುತ್ತದೆ. ಗಾಯಕರು ಸಮ್‌ಗೆ ಬರುವ ಆ ಒಂದು ಗಳಿಗೆಯಲ್ಲಿ ಮೇಲೆ ತೂಗುಹಾಕಿದ ಹೂವು ತೋರಿಸುತ್ತಾರೆ! ಸಮ್‌ನಲ್ಲಿ ಮುಖ ತೋರಿಸಿ. ಹಾಡುವವರದ್ದು, ತಬಲಾದವರದ್ದು, ಇಬ್ಬರದ್ದೂ ಒಟ್ಟಿಗೆ ಕಾಣುವ ಹಾಗೆ ತೋರಿಸಿ. ವಿಡಿಯೊ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಇದು ನನ್ನ ಕೈಮುಗಿದ ಕೋರಿಕೆ.

ಅಕ್ಕನ ಮಗಳು ರಜೆಗೆ ಬಂದಿದ್ದಾಗ ಗಂಗೂಬಾಯಿ ಹಾನಗಲ್ ಅವರದ್ದು ಹಾಕಿದ್ದೆವು. ಅವಳು ಒಗ್ಗರಣಿ ಮಿರ್ಚಿ ತಿನ್ನುತ್ತಾ ಪರದೆಗೆ ಬೆನ್ನು ಹಾಕಿ ಕೂತಿದ್ದಳು. ಯಾರು ಮಾಮಾ ಈ ಅಜ್ಜ ಅಂತ ಕೇಳಿ ತಿರುಗಿದಳು. ಪರದೆಯ ಮೇಲೆ ಸೆರಗು ಹೊದ್ದ, ಮೂಗುಬೊಟ್ಟಿನ ಅಜ್ಜಿ, ಒಂದು ಕೈ ಕಿವಿಯ ಹತ್ತಿರ. ಹುಡುಗಿ ಮಿರ್ಚಿ ಕೈಯಲ್ಲೇ ಹಿಡಿದುಕೊಂಡು ನೋಡುತ್ತಾ ಕೂತುಬಿಟ್ಟಳು. ಏಳನೇ ಕ್ಲಾಸಿನ ಹುಡುಗಿ, ಬಡಾ ಖ್ಯಾಲ್ ಪೂರ್ತಿ ಕೇಳಿದಳು. ಮರುದಿನ ಬೆಳಿಗ್ಗೆ ಸ್ನಾನದ ಮನೆಯಲ್ಲಿ ದನಿ ದಪ್ಪ ಮಾಡಿಕೊಂಡು 'ಆ' ಅನ್ನುವುದು ಕೇಳಿಸಿತು.

ಇನ್ನೊಂದು ಮಾತು, ಇದು ಮನೆಯಲ್ಲಿ ಮಾತ್ರ ಸಿಗುವಂಥದ್ದು. ಶಬ್ದ ಮಾಲಿನ್ಯದ ನಿಯಮ 2000ದಲ್ಲಿ ಬಂದ ಮೇಲೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಮೈಕ್ ಹಚ್ಚುವ ಹಾಗಿಲ್ಲ, ವರ್ಷದಲ್ಲಿ ಕೆಲವೇ ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ನಿಯಮ ಬೇಕಾದದ್ದೇ, ಮಲಗುವವರು, ರೋಗಿಗಳು ಇರುತ್ತಾರೆ. ಆದರೆ ಮೊದಲು ಬೆಳಗಿನವರೆಗೆ ನಡೆಯುತ್ತಿದ್ದ ಪುಣೆಯ ಮಹೋತ್ಸವದಂಥ ಸಂಗೀತವೂ ಇದರಿಂದ ರಾತ್ರಿಯನ್ನು ಬಿಟ್ಟುಕೊಡಬೇಕಾಯಿತು. ನಡುರಾತ್ರಿಯ ಮಾಲಕಂಸ, ಬೆಳಕು ಹರಿಯುವ ಮುಂಚಿನ ಲಲಿತ, ಈ ರಾಗಗಳನ್ನು ಅವುಗಳ ಹೊತ್ತಿನಲ್ಲಿ ಬಯಲಲ್ಲಿ ಕೂತು ಕೇಳುವುದು ಈಗ ಬಹಳ ಕಷ್ಟ. ಮಾಳಿಗೆ ಮೇಲೆ ಕಷ್ಟ ಏನೂ ಇಲ್ಲ. ದನಿ ಸಣ್ಣದು ಮಾಡಿ, ಒಂದೇ ಸ್ಪೀಕರ್ ಇಟ್ಟು, ಮೇ ತಿಂಗಳಲ್ಲಿ ನಾಲ್ಕೂವರೆಗೆ ಎದ್ದು ನಾನೂ ಅಪ್ಪನೂ ಲಲಿತ ಕೇಳಿದ್ದೇವೆ. ಗಾಳಿ ಆಗಷ್ಟೇ ತಣ್ಣಗಾಗಿರುತ್ತದೆ. ಕೋಟೆ ಗುಡ್ಡದ ಬಂಡೆಗಳು ಕಪ್ಪಿನಿಂದ ಬೂದಿ ಬಣ್ಣಕ್ಕೆ ಬರುತ್ತವೆ. ರಾಗದಲ್ಲಿ ಎರಡು ಮಧ್ಯಮ ('ಮ' ಸ್ವರದ ಎರಡು ರೂಪ) ಒಂದಕ್ಕೊಂದು ತಾಗಿಕೊಂಡು ಬರುವುದೂ, ಆಕಾಶದಲ್ಲಿ ರಾತ್ರಿ ಹಗಲು ಎರಡೂ ಒಟ್ಟಿಗೆ ಇರುವುದೂ, ಇದು ಒಂದೇ ಅಲ್ವಾ ಅಂತ ಅಪ್ಪನನ್ನು ಕೇಳಿದೆ. "ಸುಮ್ಕ ಕೇಳೋ," ಅಂದರು.

ಕಳೆದ ತಿಂಗಳು ಅಪ್ಪ ತಾವಾಗಿಯೇ ಒಂದು ಹೆಸರು ಹೇಳಿದರು. ಸಿದ್ಧರಾಮ ಜಂಬಲದಿನ್ನಿ. ನಮ್ಮ ರಾಯಚೂರು ಜಿಲ್ಲೆಯವರೇ, ಖ್ಯಾಲ್ ಜೊತೆ ವಚನಗಳನ್ನೂ ಹಾಡಿ ಹೆಸರಾದವರು. ಊರಿನ ರಂಗಮಂದಿರಕ್ಕೆ ಅವರದೇ ಹೆಸರು ಇಟ್ಟಿದ್ದಾರೆ. ಅದರ ಮುಂದೆ ದಿನಾ ಓಡಾಡುವ ನಾನು ಅವರ ಹಾಡು ಕೇಳಿರಲಿಲ್ಲ, ಹೇಳಿಕೊಳ್ಳಲು ನೋವಾಗುತ್ತದೆ. ಅಪ್ಪ ಮದುವೆಗೆ ಮುಂಚೆ ಒಂದು ಜಾತ್ರೆಯಲ್ಲಿ, ಗುಡಿಯ ಮುಂದೆ ಮಣ್ಣಿನಲ್ಲಿ ಕೂತು ಅವರನ್ನು ಕೇಳಿದ್ದರಂತೆ. ಅವರನ್ನ ಹಚ್ಚು, ನೋಡೂಣು ಅಂದರು.

ಹುಡುಕಿದೆ. ನನಗೆ ಸಿಕ್ಕಿದ್ದು ಧ್ವನಿ ಮಾತ್ರ. ಪರದೆಯ ಮೇಲೆ ಒಂದು ಫೋಟೊ, ಅದು ಅಲ್ಲಾಡುವುದಿಲ್ಲ, ಹಿಂದೆ ವಚನ. ಅಪ್ಪನಿಗೆ ಬೇಸರ ಆಗುತ್ತದೆ ಅಂತ ನಾನು ಅಂದುಕೊಂಡೆ. ಅವರು ಒಂದೆರಡು ನಿಮಿಷ ಫೋಟೊ ನೋಡಿದರು. ಆಮೇಲೆ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ, ಚಕ್ಕಳಬಕ್ಕಳ ಹಾಕಿ ಕೂತರು. ದನಿ ಮೇಲಕ್ಕೆ ಏರಿದ ಕಡೆ ಬಲಗೈ ನಿಧಾನಕ್ಕೆ ಎತ್ತಿ, ಅಂಗೈ ತಿರುಗಿಸಿ, ಗಾಳಿಯಲ್ಲಿ ಹಾಗೇ ಹಿಡಿದರು. "ಹಿಂಗ," ಅಂದರು ಕಾಕಾನಿಗೆ, "ಹಿಂಗ ನಿಂದರ್ಸತಿದ್ರು ನೋಡ್ರಿ." ಕಾಕಾ ತೊಡೆಯ ಮೇಲೆ ಠೇಕಾ ಹಿಡಿದರು. ನಾನು ಮೊಬೈಲ್ ಬೋರಲು ಹಾಕಿ ಅಪ್ಪನ ಕೈ ನೋಡುತ್ತಾ ಕೂತೆ.